ಮನೆಗೊಂದು ಸಕ್ಷನ್ ಮಷೀನ್: ಗಂಟಲಲ್ಲಿ ಟಿ-ಟ್ಯೂಬ್ ಇರುವವರಿಗಾಗಿ ಮೋಟಾರ್ ರಿಪೇರಿಯವನ ರಿವ್ಯೂ

ಸಕ್ಷನ್ ಮಷೀನ್ ಅಂದರೆ ಉಸಿರಿನ ದಾರಿಯಲ್ಲಿ ಕಟ್ಟುವ ಕಫವನ್ನು ಎಳೆದು ತೆಗೆಯುವ ಪಂಪ್. ಟಿ-ಟ್ಯೂಬ್ ಅಂದರೆ ಬಿಗಿದುಕೊಂಡ ಶ್ವಾಸನಾಳಕ್ಕೆ ಹಾಕುವ ಟೀ ಆಕಾರದ ಕೊಳವೆ. ಮೊದಲೇ ಹೇಳಿಬಿಡುತ್ತೇನೆ. ಒಂದಕ್ಕೆ ಮಾತ್ರ ದುಡ್ಡಿದೆ ಅಂದರೆ ಕರೆಂಟಿನ ಸಕ್ಷನ್ ಮಷೀನ್ ಬಿಡಿ, ಕಾಲಲ್ಲಿ ತುಳಿಯುವ ಪಂಪ್ ತೆಗೆದುಕೊಳ್ಳಿ. ಎರಡಕ್ಕೂ ಇದೆ ಅಂದರೆ ಎರಡೂ ಇರಲಿ, ಆದರೆ ಮಂಚದ ಪಕ್ಕದಲ್ಲಿ ತುಳಿಯುವುದೇ ಇರಲಿ. ಅಂಗಡಿಯವನು ಇದಕ್ಕೆ ತದ್ವಿರುದ್ಧ ಹೇಳುತ್ತಾನೆ. ಕರೆಂಟಿನದರಲ್ಲಿ ಅವನಿಗೆ ಲಾಭ ಜಾಸ್ತಿ, ತಪ್ಪೇನಿಲ್ಲ ಬಿಡಿ.

ನಾನು ಬೇಲೂರಿನವನು. ಮೋಟಾರ್ ರಿವೈಂಡಿಂಗ್, ಪಂಪ್‌ಸೆಟ್ ರಿಪೇರಿ ನನ್ನ ಕೆಲಸ. ಫೆಬ್ರವರಿ, ಮಾರ್ಚ್‌ನಲ್ಲಿ ತಲೆ ಎತ್ತೋಕೂ ಪುರುಸೊತ್ತಿರುವುದಿಲ್ಲ. ಹೂಮಳೆ ಕೈಕೊಟ್ಟರೆ ಕಾಫಿ ತೋಟದವರೆಲ್ಲ ಸ್ಪ್ರಿಂಕ್ಲರ್ ಹಾಕಬೇಕು, ಆಗಲೇ ಎಲ್ಲರ ಮೋಟಾರೂ ಸುಡುವುದು. ಹಾಗಾಗಿ ಮಷೀನ್ ವಿಷಯದಲ್ಲಿ ನನ್ನ ಮಾತು ನಂಬಬಹುದು. ರೋಗದ ವಿಷಯದಲ್ಲಿ ನಾನು ಬರೆಯುವುದೆಲ್ಲ ಡಾಕ್ಟರುಗಳು, ನರ್ಸುಗಳು ನಮಗೆ ಕಲಿಸಿದ್ದು, ಮತ್ತೆ ತಮ್ಮನ ಪಕ್ಕ ಕೂತು ಕಣ್ಣಾರೆ ನೋಡಿದ್ದು. ನಿಮ್ಮ ಮನೆಯ ರೋಗಿಗೆ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ ಮಾತು.

ತಮ್ಮ ಸಕಲೇಶಪುರ ರಸ್ತೆಯಲ್ಲಿ ಬೈಕಿನಿಂದ ಬಿದ್ದ. ತಲೆಗೆ ಏಟು. ವಾರಗಟ್ಟಲೆ ವೆಂಟಿಲೇಟರ್ ಮೇಲಿದ್ದ. ಬದುಕಿ ಬಂದ, ಮನೆಯಲ್ಲಿ ಒಬ್ಬಟ್ಟು ಮಾಡಿದೆವು. ಅದಾದ ಮೇಲೆ ಶುರುವಾಯಿತು ಉಸಿರಿನ ಸದ್ದು. ಮೊದಲು ಮೆಟ್ಟಿಲು ಹತ್ತುವಾಗ ಮಾತ್ರ, ಆಮೇಲೆ ಊಟಕ್ಕೆ ಕೂತಾಗಲೂ. ಒಂದು ಕಡೆ ಅಸ್ತಮಾ ಅಂದರು, ಇನ್ಹೇಲರ್ ಕೊಟ್ಟರು. ಏನೂ ಕಡಿಮೆ ಆಗಲಿಲ್ಲ. ಅಸ್ತಮಾದ ಸುಂಯ್ ಸದ್ದು ಹೆಚ್ಚಾಗಿ ಉಸಿರು ಬಿಡುವಾಗ ಎದೆಯಿಂದ ಬರುತ್ತದೆ. ಇವನದು ಉಸಿರು ಎಳೆದುಕೊಳ್ಳುವಾಗ, ಕತ್ತಿನಿಂದ. ಬೆಂಗಳೂರಿನಲ್ಲಿ ಸ್ಕೋಪ್, ಅಂದರೆ ಕ್ಯಾಮೆರಾ ಇರುವ ಸಣ್ಣ ನಳಿಗೆ ಹಾಕಿ ನೋಡಿದಾಗ ಗೊತ್ತಾಯಿತು, ಶ್ವಾಸನಾಳ ಒಂದು ಜಾಗದಲ್ಲಿ ಗಾಯ ಮಾಗಿ ಗಂಟಾಗಿ ಬಿಗಿದುಕೊಂಡಿತ್ತು.

ಯಾಕೆ ಹಾಗಾಯಿತು ಅಂತ ಕೇಳಿದೆ. ವೆಂಟಿಲೇಟರಿನ ಟ್ಯೂಬಿಗೆ ತುದಿಯಲ್ಲಿ ಒಂದು ಬಲೂನ್ ಇರುತ್ತದೆ, ಗಾಳಿ ಸೋರದೆ ಇರಲಿ ಅಂತ. ಅದರ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನಷ್ಟು ಇರಬೇಕು. ಅದಕ್ಕಿಂತ ಜಾಸ್ತಿ ಆದರೆ ಒಳಗೋಡೆಗೆ ರಕ್ತ ಹೋಗುವುದು ಕುಗ್ಗುತ್ತದೆ, ಅಲ್ಲಿ ಹುಣ್ಣಾಗುತ್ತದೆ, ಹುಣ್ಣು ಮಾಗುವಾಗ ನಾಳವನ್ನೇ ಎಳೆದುಕೊಂಡು ಬಿಗಿಯುತ್ತದೆ. 30 ಸೆಂಟಿಮೀಟರ್ ಅಂದರೆ ನಮ್ಮ ಪಂಪ್‌ಸೆಟ್ ಲೆಕ್ಕದಲ್ಲಿ ಒಂದಡಿ ಹೆಡ್. ಇನ್ನೂರಡಿ, ಮುನ್ನೂರಡಿ ಹೆಡ್ ಅಂತ ದಿನವೂ ಮಾತಾಡುವ ನನಗೆ, ಒಂದಡಿ ನೀರಿನ ಒತ್ತಡ ಒಬ್ಬ ಮನುಷ್ಯನನ್ನು ಹೀಗೆ ಮಾಡಬಹುದು ಅಂತ ನಂಬೋಕೆ ಹೊತ್ತು ಹಿಡಿಯಿತು.

ದೊಡ್ಡವರ ಶ್ವಾಸನಾಳದ ಒಳಗಿನ ಅಗಲ ಸುಮಾರು 15ರಿಂದ 20 ಮಿಲಿಮೀಟರ್. 8ಕ್ಕೆ ಇಳಿದರೆ ಓಡಾಡುವಾಗ ಏದುಸಿರು. 5ಕ್ಕೆ ಇಳಿದರೆ ಕೂತಲ್ಲೇ ಸೀಟಿ. ಪೈಪಿನ ಕೆಲಸ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಒತ್ತಡ ಅಷ್ಟೇ ಇದ್ದು ವ್ಯಾಸ ಅರ್ಧ ಆದರೆ ಹರಿವು ಅರ್ಧಕ್ಕೆ ನಿಲ್ಲುವುದಿಲ್ಲ, ಸುಳಿಯಿಲ್ಲದೆ ನಯವಾಗಿ ಹರಿಯುವ ಲೆಕ್ಕದಲ್ಲಿ ಹದಿನಾರರಲ್ಲಿ ಒಂದು ಭಾಗಕ್ಕೆ ಬೀಳುತ್ತದೆ. ಅದಕ್ಕೇ ಈ ರೋಗಿಗಳಿಗೆ ಕಡಲೆಕಾಳಿನಷ್ಟು ಗಟ್ಟಿ ಕಫ ಸಾಕು. ಬೆಳಿಗ್ಗೆ ಚೆನ್ನಾಗಿದ್ದವನು ಸಂಜೆಗೆ ಒದ್ದಾಡುತ್ತಾನೆ.

ಅವನಿಗೆ ಹಾಕಿದ್ದು ಮಾಂಟ್‌ಗೊಮರಿ ಟಿ-ಟ್ಯೂಬ್. ಬಾಸ್ಟನ್ನಿನ ಇಎನ್‌ಟಿ ಸರ್ಜನ್ ವಿಲಿಯಂ ಮಾಂಟ್‌ಗೊಮರಿ 1965ರಲ್ಲಿ ಪ್ರಕಟಿಸಿದ ವಿನ್ಯಾಸ, ಈಗ ಸಿಲಿಕೋನ್‌ನಲ್ಲಿ ಬರುತ್ತದೆ. ಪಿವಿಸಿ ಪೈಪಿನ ಟೀ ಜಾಯಿಂಟ್ ನೋಡಿದ್ದೀರಲ್ಲ, ಥೇಟ್ ಅದೇ. ಉದ್ದ ಕೊಳವೆ ಶ್ವಾಸನಾಳದ ಒಳಗೆ ಮೇಲೆ ಕೆಳಗೆ ನಿಂತಿರುತ್ತದೆ, ಬಿಗಿದ ಜಾಗ ಮತ್ತೆ ಮುಚ್ಚಿಕೊಳ್ಳದ ಹಾಗೆ ತಡೆಯುತ್ತದೆ. ಅಡ್ಡ ಕೊಳವೆ ಕತ್ತಿನ ತೂತಿನಿಂದ ಹೊರಗೆ ಬರುತ್ತದೆ. ಅದಕ್ಕೊಂದು ಮುಚ್ಚಳ. ಮುಚ್ಚಳ ಹಾಕಿದರೆ ಗಾಳಿ ಮೂಗು ಬಾಯಿಯಿಂದಲೇ ಹೋಗಿ ಬರುತ್ತದೆ, ಧ್ವನಿಪೆಟ್ಟಿಗೆ ದಾಟಿ. ಹಾಗಾಗಿ ತಮ್ಮ ಮಾತಾಡುತ್ತಾನೆ. ಅಂಗಡಿಯ ಫೋನ್ ಎಲ್ಲ ಅವನದೇ. ಬಾಕಿ ವಸೂಲಿಯಲ್ಲಿ ನನಗಿಂತ ಅವನೇ ಜೋರು.

ಅಂಗಡಿ ಒಳಗೆ ಮಾತ್ರ ಅವನನ್ನು ಕೂರಿಸುವುದಿಲ್ಲ. ವಾರ್ನಿಷ್ ವಾಸನೆ, ತಾಮ್ರ ಕೀಳುವಾಗ ಏಳುವ ದೂಳು ಅವನಿಗೆ ಆಗುವುದಿಲ್ಲ. ಹೊರಗೆ ಒಂದು ಟೇಬಲ್ ಹಾಕಿಕೊಟ್ಟಿದ್ದೇನೆ.

ಈಗ ಮಷೀನ್. ಡಿಸ್ಚಾರ್ಜ್ ಚೀಟಿಯಲ್ಲಿ ಸಕ್ಷನ್ ಮಷೀನ್ ಅಂತ ಬರೆದಿದ್ದರು. ಹಾಸನದಲ್ಲಿ ಒಂದು ಸರ್ಜಿಕಲ್ ಅಂಗಡಿಗೆ ಹೋದೆ. ಮೇಜಿನ ಮೇಲೆ ಮೂರು ಬಗೆ ಇಟ್ಟ. ಒಂದು ಬರೀ ಕರೆಂಟಿನದು, ಆರು ಸಾವಿರದ ಆಸುಪಾಸು. ಒಂದು ಬ್ಯಾಟರಿ ಇರುವುದು, ಅದರ ಮೂರು ಪಟ್ಟು. ಇನ್ನೊಂದು ಮೂಲೆಯಲ್ಲಿ ದೂಳು ಹಿಡಿದಿದ್ದ ಕಾಲು ಪಂಪ್, ಮೂರು ಸಾವಿರದೊಳಗೆ. ‘ಅದು ಹಳೇ ಕಾಲದ್ದು ಸಾರ್, ಯಾರೂ ತಗೊಳ್ಳಲ್ಲ’ ಅಂದ. ಕರೆಂಟಿನದು ಮತ್ತು ಕಾಲಿನದು ಎರಡನ್ನೂ ತಂದೆ.

ಕರೆಂಟಿನ ಮಷೀನನ್ನು ಮೊದಲ ರಾತ್ರಿಯೇ ಬಿಚ್ಚಿದೆ. ಸುಮ್ನೆ ಇರೋಕಾಗಲಿಲ್ಲ. ಒಳಗೆ ಎಣ್ಣೆ ಬೇಡದ ಪಿಸ್ಟನ್ ಪಂಪ್, ಸಣ್ಣ ಮೋಟಾರ್, ವೈಂಡಿಂಗ್ ಪರವಾಗಿಲ್ಲ. ಮುಂದೆ ಒಂದು ಮೀಟರ್, ಒಂದು ತಿರುಪು, ಒಂದು ಲೀಟರಿನ ಜಾಡಿ. ಮೀಟರ್ 0ರಿಂದ 0.1 ಮೆಗಾಪ್ಯಾಸ್ಕಲ್‌ವರೆಗೆ ಗುರುತು ಮಾಡಿದ್ದಾರೆ, ಮಷೀನ್ 0.08ರವರೆಗೆ ಎಳೆಯುತ್ತದೆ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿದ್ದಾರೆ. ಮಾರುವವನೂ ಅದನ್ನೇ ತೋರಿಸುತ್ತಾನೆ, ಒಳ್ಳೆ ಪವರ್ ಇದೆ ಅಂತ. ಆದರೆ ಆಸ್ಪತ್ರೆಯಲ್ಲಿ ನರ್ಸ್ ಹೇಳಿಕೊಟ್ಟಿದ್ದು ಪಾದರಸದ ಲೆಕ್ಕದಲ್ಲಿ 120 ಮಿಲಿಮೀಟರ್, ಏನೇ ಆದರೂ 150 ದಾಟಬಾರದು ಅಂತ. ಅದನ್ನು ಮೀಟರಿನ ಭಾಷೆಗೆ ತಿರುಗಿಸಿದರೆ 0.016ರಿಂದ 0.02. ಅಂದರೆ ಮುಳ್ಳು ಮೊದಲ ಗುರುತಿನ ಹತ್ತಿರವೇ ಇರಬೇಕು. ಉಳಿದ ಪವರ್ ಎಲ್ಲ ಒಳಗಿನ ಚರ್ಮವನ್ನು ಎಳೆದು ರಕ್ತ ಬರಿಸೋಕೆ ಮಾತ್ರ. ರಕ್ತ ಒಣಗಿದರೆ ಅದೇ ಮತ್ತೊಂದು ಗಟ್ಟಿ. ನಾನು ಮೀಟರಿನ ಗಾಜಿನ ಮೇಲೆ ನೇಲ್ ಪಾಲಿಶ್‌ನಲ್ಲಿ 0.016ಕ್ಕೆ ಒಂದು ಗೆರೆ, 0.02ಕ್ಕೆ ಒಂದು ಗೆರೆ ಎಳೆದೆ. ಅಮ್ಮನಿಗೂ ಗೊತ್ತು ಈಗ, ಮುಳ್ಳು ಆ ಎರಡು ಕೆಂಪು ಗೆರೆ ನಡುವೆ ಇರಬೇಕು ಅಂತ.

ತಯಾರಿಸಿದವರು ಇದನ್ನು ಅಲ್ಲೇ ಮಾಡಿ ಕಳಿಸಬಹುದಿತ್ತು ಅಲ್ವಾ?

ಮಷೀನ್ ಸರಿ ಇದೆಯಾ ಅಂತ ನೋಡುವುದು ಸುಲಭ. ಆನ್ ಮಾಡಿ, ಪೈಪಿನ ತುದಿ ಹೆಬ್ಬೆರಳಿನಿಂದ ಮುಚ್ಚಿ. ಮುಳ್ಳು ತಟ್ಟನೆ ಮೇಲೆ ಹೋಗಬೇಕು. ಹೋಗಲಿಲ್ಲ ಅಂದರೆ ಎಲ್ಲೋ ಗಾಳಿ ಸೋರುತ್ತಿದೆ. ಹತ್ತಕ್ಕೆ ಎಂಟು ಸಲ ಜಾಡಿಯ ಮುಚ್ಚಳ. ತೊಳೆದು ಹಾಕುವಾಗ ಓ-ರಿಂಗ್ ಮಡಚಿಕೊಂಡಿರುತ್ತದೆ. ಅದಲ್ಲದಿದ್ದರೆ ಫಿಲ್ಟರ್ ಒದ್ದೆ ಆಗಿರುತ್ತದೆ. ಜಾಡಿ ತುಂಬಿದರೆ ಒಳಗಿನ ಫ್ಲೋಟ್ ಮೇಲೆದ್ದು ದಾರಿ ಮುಚ್ಚುತ್ತದೆ, ಮಷೀನ್ ಕೂಗುತ್ತಿರುತ್ತದೆ, ಎಳೆಯುವುದಿಲ್ಲ. ಮೋಟಾರ್ ಹೋಯಿತು ಅಂತ ಹೊತ್ತುಕೊಂಡು ಬಂದವರ ಮಷೀನ್ ಒಂದನ್ನು ನಾನು ಓ-ರಿಂಗ್ ತಿರುಗಿಸಿ ಹಾಕಿ ವಾಪಸ್ ಕಳಿಸಿದ್ದೇನೆ. ದಿನಾ ಬೆಳಿಗ್ಗೆ ಒಂದು ಸಲ ಹೆಬ್ಬೆರಳು ಪರೀಕ್ಷೆ ಮಾಡಿಬಿಡಿ, ಹಲ್ಲುಜ್ಜಿದ ಮೇಲೆ.

ಜೊತೆಗೆ ಕೊಡುವ ಪೈಪ್ ಮಾತ್ರ ಕಳಪೆ. ತೆಳು ಪಿವಿಸಿ. ಚಳಿಯಲ್ಲಿ ಗಟ್ಟಿಯಾಗುತ್ತದೆ, ಬಗ್ಗಿಸಿದ ಕಡೆ ಮಡಚಿ ಅಂಟಿಕೊಳ್ಳುತ್ತದೆ. ಎಸೆದು ದಪ್ಪ ಸಿಲಿಕೋನ್ ಪೈಪ್ ಹಾಕಿ. ಉದ್ದವೂ ಬೇಡ, ಮಂಚದಿಂದ ಸ್ಟೂಲಿಗೆ ಮುಟ್ಟುವಷ್ಟು ಸಾಕು.

ಕರೆಂಟಿನ ಮಷೀನಿನ ದೊಡ್ಡ ದೋಷ ಅದರೊಳಗಿಲ್ಲ, ಗೋಡೆಯ ಪ್ಲಗ್ಗಿನಲ್ಲಿದೆ. ನಮ್ಮ ಕಡೆ ಜುಲೈ ಮಳೆ ಹಿಡಿದರೆ ಗೊತ್ತಲ್ಲ. ಎಲ್ಲೋ ಒಂದು ಸಿಲ್ವರ್ ಮರ ಲೈನ್ ಮೇಲೆ ಬಿದ್ದರೆ ಮುಗಿಯಿತು. ಇನ್ವರ್ಟರ್ ಇದೆ ಅಂತೀರಾ? ನಮ್ಮಲ್ಲೂ ಇದೆ. ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಈ ಮೋಟಾರ್ ಗುಂಯ್ ಅಂತ ನರಳುತ್ತದೆ, ಬಿಸಿಯಾಗುತ್ತದೆ. ಸೈನ್ ವೇವ್ ಬೇಕು. ಎರಡು ದಿನ ಕರೆಂಟ್ ಇಲ್ಲ ಅಂದರೆ ಸೈನ್ ವೇವೂ ಇಲ್ಲ, ಏನೂ ಇಲ್ಲ.

ಅಂಥ ಒಂದು ರಾತ್ರಿ. ತಮ್ಮನಿಗೆ ನೆಗಡಿ ಆಗಿತ್ತು. ಮಳೆಗೆ ಕಿಟಕಿ ಬಾಗಿಲು ಹಾಕಿ ಒಲೆ ಮುಂದೆ ಕೂತಿದ್ದ. ಉಸಿರು ಎಳೆಯುವಾಗ ಸಣ್ಣಗೆ ಸೀಟಿ ಶುರುವಾಯಿತು. ಕತ್ತಿನ ಬುಡದ ಗುಳಿ ಪ್ರತಿ ಉಸಿರಿಗೂ ಒಳಗೆ ಹೋಗುತ್ತಿತ್ತು. ಬೆರಳಿಗೆ ಹಾಕುವ ಆಕ್ಸಿಮೀಟರ್ 96 ತೋರಿಸುತ್ತಿತ್ತು. ಅದನ್ನು ನೋಡಿ ಸುಮ್ಮನೆ ಕೂರಬೇಡಿ ಅಂತ ನಮಗೆ ಮೊದಲೇ ಹೇಳಿದ್ದರು. ನಾಳ ಕಟ್ಟಿಕೊಳ್ಳುವಾಗ ಆ ನಂಬರ್ ತಡವಾಗಿ ಬೀಳುತ್ತದೆ, ಬಿದ್ದಾಗ ಒಮ್ಮೆಲೇ ಬೀಳುತ್ತದೆ. ಸದ್ದು ಮತ್ತು ಗುಳಿ ನೋಡಬೇಕು.

ಮೊದಲ ಕೆಲಸ, ಮುಚ್ಚಳ ತೆಗೆಯುವುದು. ಇದು ಮನೆಯ ಪ್ರತಿಯೊಬ್ಬರಿಗೂ ಗೊತ್ತಿರಬೇಕು, ಮಕ್ಕಳಿಗೂ. ಟಿ-ಟ್ಯೂಬಿನ ಮೇಲಿನ ತುದಿಯ ಹತ್ತಿರ ಊದಿಕೊಂಡೋ ಕಫದಿಂದಲೋ ದಾರಿ ಮುಚ್ಚಿದ್ದರೆ, ಮುಚ್ಚಳ ತೆಗೆದ ಕೂಡಲೇ ಕತ್ತಿನಿಂದ ಗಾಳಿ ಆಡುತ್ತದೆ, ಮನುಷ್ಯ ಸುಧಾರಿಸುತ್ತಾನೆ. ತೆಗೆದರೂ ಒದ್ದಾಟ ನಿಲ್ಲಲಿಲ್ಲ ಅಂದರೆ ಕಟ್ಟಿರುವುದು ಕೆಳಗೆ. ನಮ್ಮದು ಕೆಳಗಿನದೇ ಆಗಿತ್ತು. ಹೆಂಡತಿ 108ಕ್ಕೆ ಫೋನ್ ಹಚ್ಚಿದಳು. ನಾನು ಕಾಲು ಪಂಪ್ ಎಳೆದುಕೊಂಡೆ.

ಕಾಲು ಪಂಪ್ ಅಂದರೆ ಒಂದು ಪೆಡಲ್, ಅದರಡಿಯಲ್ಲಿ ತಿದಿ, ಪಕ್ಕದಲ್ಲಿ ಜಾಡಿ. ತುಳಿದರೆ ಎಳೆಯುತ್ತದೆ. ಅಷ್ಟೇ. ಸ್ವಿಚ್ ಇಲ್ಲ, ಫ್ಯೂಸ್ ಇಲ್ಲ. ಹೆಂಡತಿ ಫೋನ್ ಹಿಡಿದುಕೊಂಡೇ ತುಳಿದಳು. ಅಮ್ಮ ಟಾರ್ಚ್ ಹಿಡಿದರು. ನಾನು ಅಡ್ಡ ಕೊಳವೆಗೆ ಎರಡು ಮೂರು ಎಂಎಲ್ ಸಲೈನ್ ಬಿಟ್ಟೆ, ಅವನು ಕೆಮ್ಮಿದ, ಆಮೇಲೆ ಕ್ಯಾತಿಟರ್, ಅಂದರೆ ಪಂಪಿನ ಪೈಪಿಗೆ ಸಿಕ್ಕಿಸುವ ಸಣ್ಣ ಮೆತ್ತನೆ ನಳಿಗೆ ಇಳಿಸಿದೆ. ಇಲ್ಲಿ ಒಂದು ಕೈಚಳಕ ಇದೆ. ಅಡ್ಡ ಕೊಳವೆ ನೇರವಾಗಿದ್ದಾಗ ಕ್ಯಾತಿಟರ್ ಎದುರಿನ ಗೋಡೆಗೆ ತಾಗಿ ನಿಲ್ಲುತ್ತದೆ. ಕೊಳವೆಯ ಹೊರತುದಿಯನ್ನು ಗದ್ದದ ಕಡೆಗೆ ಮೆಲ್ಲಗೆ ಎತ್ತಿದರೆ ಕ್ಯಾತಿಟರ್ ಕೆಳಗೆ ಇಳಿಯುತ್ತದೆ. ಎದೆಯ ಕಡೆಗೆ ಬಗ್ಗಿಸಿದರೆ ಮೇಲಕ್ಕೆ ಹೋಗುತ್ತದೆ. ಇಳಿಸುವಾಗ ಎಳೆತ ಬೇಡ, ಕ್ಯಾತಿಟರಿನ ಬುಡದಲ್ಲಿ ಹೆಬ್ಬೆರಳಿನಿಂದ ಮುಚ್ಚುವ ತೂತು ಇರುತ್ತದೆ, ಅದನ್ನು ಬಿಟ್ಟಿರಬೇಕು. ಹೊರಗೆ ತೆಗೆಯುವಾಗ ತೂತು ಮುಚ್ಚಿ, ತಿರುಗಿಸುತ್ತಾ ತೆಗೆಯಬೇಕು. ಒಂದು ಸಲಕ್ಕೆ ಹತ್ತು ಸೆಕೆಂಡ್, ಹೆಚ್ಚೆಂದರೆ ಹದಿನೈದು. ನೀವು ಎಳೆಯುವುದು ಕಫ ಮಾತ್ರ ಅಲ್ಲ, ಅವನ ಗಾಳಿಯನ್ನೂ. ನಾನು ಕ್ಯಾತಿಟರ್ ಹಾಕುವಾಗ ನನ್ನ ಉಸಿರನ್ನೂ ಹಿಡಿದುಕೊಳ್ಳುತ್ತೇನೆ. ನನಗೆ ಉಸಿರು ಬೇಕು ಅನ್ನಿಸಿದರೆ ಅವನಿಗೆ ಅದಕ್ಕೂ ಮೊದಲೇ ಬೇಕಾಗಿರುತ್ತದೆ.

ಮತ್ತೆ ಸಲೈನ್, ಮತ್ತೆ ಕೆಮ್ಮು, ಮತ್ತೆ ಕ್ಯಾತಿಟರ್. ಕಡೆಗೆ ಬಂತು. ಹಸಿರು ಮಿಶ್ರ ಕಂದು ಬಣ್ಣ, ಒಂದು ಕಡೆ ಕೊಳವೆಯ ಒಳಗೋಡೆಯ ಆಕಾರವೇ ಅಚ್ಚು ಬಿದ್ದಿತ್ತು. ಕ್ಯಾತಿಟರಿನ ತುದಿಗೆ ಅಂಟಿಕೊಂಡೇ ಬಂತು, ಒಳಗೆ ಹೋಗಲಿಲ್ಲ. ಸೀಟಿ ನಿಂತಿತು. ಗುಳಿ ಬೀಳುವುದೂ ನಿಂತಿತು.

ಹಾಗಂತ ಕಾಲು ಪಂಪಿನಲ್ಲಿ ದೋಷ ಇಲ್ಲ ಅಂತಲ್ಲ. ನಮ್ಮದಕ್ಕೆ ಮೀಟರ್ ಇಲ್ಲ, ಎಷ್ಟು ಎಳೆಯುತ್ತಿದೆ ಅಂತ ಗೊತ್ತಾಗುವುದಿಲ್ಲ. ಜೋರಾಗಿ ತುಳಿದರೆ ಜಾಸ್ತಿ ಎಳೆಯುತ್ತದೆ, ಹೆಬ್ಬೆರಳ ತೂತಿನಲ್ಲೇ ಹಿಡಿತ ಇಟ್ಟುಕೊಳ್ಳಬೇಕು. ಒಬ್ಬರೇ ಮಾಡಬಹುದು ಅಂತ ಡಬ್ಬದ ಮೇಲೆ ಚಿತ್ರ ಹಾಕಿದ್ದಾರೆ, ನಿಜದಲ್ಲಿ ಇಬ್ಬರು ಬೇಕು. ರೆಡ್ ಆಕ್ಸೈಡ್ ನೆಲದ ಮೇಲೆ ಜಾರುತ್ತದೆ. ನಾನು ಕೆಳಗೆ ಹಳೇ ಟ್ಯೂಬ್ ರಬ್ಬರ್ ಅಂಟಿಸಿದ್ದೇನೆ. ತಿದಿಯ ರಬ್ಬರನ್ನು ಆಗಾಗ ನೋಡುತ್ತಿರಬೇಕು, ಮಡಿಕೆಯಲ್ಲಿ ಸೀಳು ಬಿಡುತ್ತದೆ. ಇಷ್ಟಾದರೂ ನನ್ನ ಮತ ಇದಕ್ಕೇ. ಕಾರಿನಲ್ಲೂ ಇದೇ ಹೋಗುತ್ತದೆ, ಮದುವೆ ಮನೆಗೂ ಇದೇ ಬರುತ್ತದೆ.

ಕಫ ಬಂತು ಅಂತ ಮನೆಯಲ್ಲೇ ಉಳಿಯಬಾರದು. ಕೊಳವೆ ಜರುಗಿದೆಯಾ, ತುದಿಯಲ್ಲಿ ಮಾಂಸ ಬೆಳೆದಿದೆಯಾ ಅಂತ ಸ್ಕೋಪ್ ಹಾಕಿಯೇ ನೋಡಬೇಕು. 108 ಬಂತು. ಕರ್ನಾಟಕದಲ್ಲಿ ಈ ಆರೋಗ್ಯ ಕವಚ ಆಂಬುಲೆನ್ಸ್ 2008ರಿಂದ ಓಡುತ್ತಿದೆ, ಬೈಯುವವರು ಬಹಳ ಇದ್ದಾರೆ. ನನ್ನ ಅನುಭವದಲ್ಲಿ ಆ ರಾತ್ರಿ ಬಂದ ಹುಡುಗ ಚಿನ್ನದಂಥವನು. ಟಿ-ಟ್ಯೂಬ್ ನೋಡಿರಲಿಲ್ಲ, ಅದನ್ನು ನೇರವಾಗಿ ಹೇಳಿದ. ‘ಅಣ್ಣ, ನೀವೇ ತಲೆ ಕಡೆ ಕೂತ್ಕೊಳ್ಳಿ, ನಾನು ಆಕ್ಸಿಜನ್ ನೋಡ್ಕೋತೀನಿ’ ಅಂದ. ಮುಖಕ್ಕೆ ಒಂದು ಮಾಸ್ಕ್, ಕತ್ತಿನ ತೂತಿನ ಮುಂದೆ ಒಂದು ಮಾಸ್ಕ್, ಎರಡೂ ಕಡೆ ಆಕ್ಸಿಜನ್ ಹಿಡಿದ. ಗಾಳಿ ಯಾವ ದಾರಿಯಲ್ಲಿ ಹೋಗುತ್ತಿದೆ ಅಂತ ಖಾತ್ರಿ ಇಲ್ಲದಾಗ ಅದೇ ಸರಿಯಾದ ಕ್ರಮ ಅಂತ ಆಮೇಲೆ ಡಾಕ್ಟರೂ ಹೇಳಿದರು.

ಹಾಸನಕ್ಕೆ ಹತ್ತಿರ ಹತ್ತಿರ 40 ಕಿಲೋಮೀಟರ್. ಮೊದಲು ಹೋದ ಖಾಸಗಿ ಆಸ್ಪತ್ರೆಯ ಎಮರ್ಜೆನ್ಸಿ ಬಗ್ಗೆ ಹೇಳಲೇಬೇಕು, ಹೆಸರು ಬೇಡ. ಅಷ್ಟೊತ್ತಿಗೆ ತಮ್ಮ ಸುಸ್ತಾಗಿದ್ದ, ಮತ್ತೆ ಕಫ ಕಟ್ಟುತ್ತಿತ್ತು, ಈ ಸಲ ನಂಬರೂ ಇಳಿಯುತ್ತಿತ್ತು. ಅಲ್ಲಿದ್ದವರು ಅದನ್ನು ಟ್ರಕಿಯಾಸ್ಟಮಿ ಟ್ಯೂಬ್, ಅಂದರೆ ಕತ್ತಿನ ತೂತಿನಿಂದ ಶ್ವಾಸನಾಳದ ಕೆಳಕ್ಕೆ ಮಾತ್ರ ಇಳಿಯುವ ಬಾಗಿದ ಕೊಳವೆ ಅಂದುಕೊಂಡರು. ಕೈಯಲ್ಲಿ ಹಿಂಡಿ ಗಾಳಿ ಕೊಡುವ ಅಂಬು ಬ್ಯಾಗ್ ತಂದು ಕತ್ತಿನ ಕೊಳವೆಗೆ ಸಿಕ್ಕಿಸೋಕೆ ನೋಡಿದರು. ಸಿಕ್ಕಲಿಲ್ಲ. ಸಿಕ್ಕುವುದೂ ಇಲ್ಲ. ಅಂಬು ಬ್ಯಾಗಿನಿಂದ ಹಿಡಿದು ವೆಂಟಿಲೇಟರ್‌ವರೆಗೆ ಎಲ್ಲದಕ್ಕೂ 15 ಮಿಲಿಮೀಟರಿನ ಒಂದೇ ಅಳತೆಯ ಜಾಯಿಂಟ್. ಟ್ರಕಿಯಾಸ್ಟಮಿ ಟ್ಯೂಬಿಗೆ ಅದು ಇರುತ್ತದೆ, ಸಾಮಾನ್ಯ ಟಿ-ಟ್ಯೂಬಿನ ಅಡ್ಡ ಕೊಳವೆಗೆ ಇರುವುದಿಲ್ಲ. ಆಮೇಲೆ ಮುಖಕ್ಕೆ ಮಾಸ್ಕ್ ಒತ್ತಿ ಗಾಳಿ ಹಿಂಡಿದರು. ಕತ್ತಿನ ಕೊಳವೆ ಬಾಯಿ ಬಿಟ್ಟುಕೊಂಡಿತ್ತು, ಗಾಳಿಯೆಲ್ಲ ಬುಸ್ಸಂತ ಅಲ್ಲಿಂದಲೇ ಹೊರಗೆ. ಎದೆ ಏಳಲೇ ಇಲ್ಲ. ಪೈಪ್ ಕೆಲಸದವನಿಗೆ ಅದು ನೋಡಿದ ತಕ್ಷಣ ಗೊತ್ತಾಗುತ್ತದೆ. ಟೀ ಜಾಯಿಂಟಿನ ಒಂದು ಬಾಯಿ ತೆರೆದಿಟ್ಟು ಇನ್ನೊಂದರಿಂದ ಒತ್ತಿದರೆ ಮೂರನೇ ಕಡೆಗೆ ಏನು ಹೋಗುತ್ತದೆ? ‘ಅದನ್ನು ಮುಚ್ಚಿ’ ಅಂದೆ. ‘ನೀವು ಹೊರಗೆ ಇರಿ’ ಅಂದರು. ಜಗಳ ಆಡೋಕೆ ಹೊತ್ತಿರಲಿಲ್ಲ. ಒಬ್ಬ ಸಿಸ್ಟರ್ ನನ್ನ ಕೈಯಿಂದ ಮುಚ್ಚಳ ತೆಗೆದುಕೊಂಡು ಹಾಕಿದರು. ಎದೆ ಎದ್ದಿತು.

ಇದೊಂದು ನೆನಪಿರಲಿ, ಉಳಿದದ್ದು ಮರೆತರೂ ಪರವಾಗಿಲ್ಲ. ಅಂಬು ಬ್ಯಾಗಿನಲ್ಲಿ ಮೇಲಿಂದ, ಅಂದರೆ ಮುಖದಿಂದ ಗಾಳಿ ಕೊಡುವಾಗ ಕತ್ತಿನ ಕೊಳವೆ ಮುಚ್ಚಬೇಕು. ಕತ್ತಿನಿಂದ ಕೊಡುವಾಗ ಬಾಯಿ ಮೂಗು ಮುಚ್ಚಬೇಕು. ಟಿ-ಟ್ಯೂಬಿಗೆ ಬಲೂನ್ ಇಲ್ಲ, ಒಂದು ದಾರಿ ನಾವೇ ಕಟ್ಟಬೇಕು. ತಾನಾಗಿ ಉಸಿರಾಡುತ್ತಿರುವವನಿಗೆ ಈ ಲೆಕ್ಕ ಇಲ್ಲ, ಅವನಿಗೆ ಮುಚ್ಚಳ ತೆಗೆದೇ ಇರಲಿ.

ಅಲ್ಲಿಂದ ಹಾಸನದಲ್ಲೇ ಇನ್ನೊಂದು ಕಡೆಗೆ ಕಳಿಸಿದರು. ಅಲ್ಲಿನ ಅರಿವಳಿಕೆ ಡಾಕ್ಟರಮ್ಮ ಬಂದವರೇ ಕೊಳವೆ ಮುಟ್ಟುವ ಮೊದಲು ಕೇಳಿದ್ದು, ‘ಸೈಜ್ ಎಷ್ಟು? ಯಾವಾಗ ಹಾಕಿದ್ದು? ಮೇಲಿನ ತುದಿ ಎಲ್ಲಿಗೆ ಬಂದಿದೆ?’ ಅಂತ. ಕೇಳಿದ ರೀತಿಯಲ್ಲೇ ಅರ್ಧ ಧೈರ್ಯ ಬಂತು. ಬಾಯಿಂದ ಬೇರೆ ಉಸಿರಿನ ಟ್ಯೂಬ್ ತೂರಿಸುವ ಯೋಚನೆ ಅವರು ಮಾಡಲೇ ಇಲ್ಲ. ಒಳಗೆ ಆಗಲೇ ಒಂದು ಕೊಳವೆ ಇದೆ, ಕಾಣದೆ ತೂರಿಸಿದರೆ ಅದನ್ನೇ ಒತ್ತಿ ಮಡಚಬಹುದು ಅಂದರು. ಒಂದು ಸಣ್ಣ ಉಸಿರಿನ ಟ್ಯೂಬಿನ ಪ್ಯಾಕೆಟ್ ಒಡೆದು, ಅದರ ತುದಿಯ ಪ್ಲಾಸ್ಟಿಕ್ ಕನೆಕ್ಟರ್ ಕಿತ್ತು, ನಮ್ಮ ಅಡ್ಡ ಕೊಳವೆಗೆ ಸಿಕ್ಕಿಸಿದರು. ಬಿಗಿಯಾಗಿ ಕೂತಿತು. ಈಚೆ ತುದಿ 15 ಮಿಲಿಮೀಟರ್, ಅಂಬು ಬ್ಯಾಗ್ ಟಕ್ಕಂತ ಹಿಡಿಯಿತು. ಆದರೆ ಬ್ಯಾಗ್ ಹಿಂಡಬೇಕಾದ ಪ್ರಮೇಯ ಬರಲಿಲ್ಲ. ಆಕ್ಸಿಜನ್ ಕೊಟ್ಟು, ಚೆನ್ನಾಗಿ ಸಲೈನ್ ಹಾಕಿ ಸಕ್ಷನ್ ಮಾಡಿ, ಸಣ್ಣ ಸ್ಕೋಪ್ ಇಳಿಸಿ ನೋಡಿದರು. ಕೆಳತುದಿಯಲ್ಲಿ ಇನ್ನೊಂದು ಗಟ್ಟಿ ಇತ್ತು, ತೆಗೆದರು.

‘ಏನು ಮಾಡಿದರೂ ಗಾಳಿ ಆಡದೇ ಇದ್ದಿದ್ದರೆ?’ ಅಂತ ಆಮೇಲೆ ಕೇಳಿದೆ. ಟಿ-ಟ್ಯೂಬನ್ನೇ ಎಳೆದು ತೆಗೆಯುತ್ತಾರಂತೆ. ಸಿಲಿಕೋನ್ ಮೆತ್ತಗಿರುತ್ತದೆ, ಅಡ್ಡ ಕೊಳವೆ ಹಿಡಿದು ಒಂದೇ ಹದವಾಗಿ ಎಳೆದರೆ ಮಡಚಿಕೊಂಡು ಹೊರಗೆ ಬರುತ್ತದೆ. ಆದರೆ ಅದೇ ತೂತಿಗೆ ತಕ್ಷಣ ಹಾಕೋಕೆ ಅಳತೆಯ ಟ್ರಕಿಯಾಸ್ಟಮಿ ಟ್ಯೂಬ್ ಪಕ್ಕದಲ್ಲೇ ಬಿಚ್ಚಿಟ್ಟಿರಬೇಕು, ಹಾಕೋಕೆ ಬಲ್ಲವರು ಇರಬೇಕು. ತೆಗೆದ ಮೇಲೆ ಬಿಗಿದ ಜಾಗಕ್ಕೆ ಆಸರೆಯೇ ಇರುವುದಿಲ್ಲ. ಮನೆಯಲ್ಲಿ ಇದಕ್ಕೆ ಕೈ ಹಾಕಬೇಡಿ.

ಆ ಕನೆಕ್ಟರನ್ನು ಡಾಕ್ಟರಮ್ಮ ನನ್ನ ಕೈಗೇ ಕೊಟ್ಟರು. ಈಗ ಅದು ನಮ್ಮ ಡಬ್ಬಿಯಲ್ಲಿದೆ. ಇಡೀ ಸಾಮಾನಿನಲ್ಲಿ ಅತಿ ಅಗ್ಗದ್ದು ಅದು, ನಾನು ಐದಕ್ಕೆ ಐದು ಅಂಕ ಕೊಡುವುದೂ ಅದೊಂದಕ್ಕೇ. ನಿಮ್ಮ ಕೊಳವೆಯ ಅಳತೆಗೆ ಯಾವುದು ಹೊಂದುತ್ತದೆ ಅಂತ ಆಸ್ಪತ್ರೆಯಲ್ಲೇ ಸಿಕ್ಕಿಸಿ ನೋಡಿ ಇಟ್ಟುಕೊಳ್ಳಿ. ಒಂದು ಹೆಚ್ಚಿನ ಮುಚ್ಚಳವನ್ನೂ ಇಟ್ಟುಕೊಳ್ಳಿ. ಕೆಮ್ಮಿದಾಗ ಅದು ಹಾರಿ ಎಲ್ಲಿಗೆ ಹೋಗುತ್ತದೆ ಅಂತ ದೇವರಿಗೇ ಗೊತ್ತು.

ಡಬ್ಬಿಯ ಜೊತೆ ಒಂದು ಹಾಳೆ, ಲ್ಯಾಮಿನೇಶನ್ ಮಾಡಿಸಿದ್ದು. ಒಂದು ಕಡೆ ಕನ್ನಡ, ಒಂದು ಕಡೆ ಇಂಗ್ಲಿಷ್. ಇದು ಟಿ-ಟ್ಯೂಬ್, ಟ್ರಕಿಯಾಸ್ಟಮಿ ಅಲ್ಲ. ಸೈಜ್ ಇಷ್ಟು, ಹಾಕಿದ ದಿನ ಇದು, ಹಾಕಿದ ಆಸ್ಪತ್ರೆಯ ಫೋನ್ ಇದು. ಉಸಿರು ಕಟ್ಟಿದರೆ ಮುಚ್ಚಳ ತೆಗೆಯಿರಿ, ಮೇಲೂ ಕೆಳಗೂ ಸಕ್ಷನ್ ಮಾಡಿ, ಆಕ್ಸಿಜನ್ ಎರಡೂ ಕಡೆ. ಬ್ಯಾಗ್ ಹಿಂಡುವಾಗ ಒಂದು ದಾರಿ ಮುಚ್ಚಿ. ಡಾಕ್ಟರಮ್ಮ ತಿದ್ದಿ ಸಹಿ ಹಾಕಿಕೊಟ್ಟರು. ಮೋಟಾರ್ ರಿಪೇರಿಯವನು ಹೇಳಿದರೆ ಯಾರೂ ಕೇಳುವುದಿಲ್ಲ, ಸಹಿ ಇರುವ ಹಾಳೆ ಹೇಳಿದರೆ ಕೇಳುತ್ತಾರೆ.

ಇನ್ನೊಂದು ವಿಷಯ. ಸ್ಟೆಂಟ್, ಅಂದರೆ ನಾಳ ಮುಚ್ಚಿಕೊಳ್ಳದ ಹಾಗೆ ಆಸರೆ ಕೊಡುವ ಕೊಳವೆ, ಪೂರ್ತಿ ಒಳಗೇ ಇರುವವರೂ ಇದ್ದಾರೆ, ಕತ್ತಿನಲ್ಲಿ ಏನೂ ಕಾಣುವುದಿಲ್ಲ. ಬೆಂಗಳೂರಿನ ವಾರ್ಡಿನಲ್ಲಿ ಪಕ್ಕದ ಮಂಚದ ಚಿಕ್ಕಮಗಳೂರಿನ ಯಜಮಾನರದು ಹಾಗಿತ್ತು. ಫ್ರಾನ್ಸಿನ ಡ್ಯೂಮಾನ್ ಎಂಬ ಡಾಕ್ಟರ್ ಹೆಸರಿನ ಸಿಲಿಕೋನ್ ಸ್ಟೆಂಟ್, ಮೈಮೇಲೆ ಸಣ್ಣ ಸಣ್ಣ ಗುಬುಟು, ಜಾರದ ಹಾಗೆ. ಲೋಹದ ಜಾಲರಿಯದೂ ಬರುತ್ತದೆ. ಕ್ಯಾನ್ಸರ್ ಅಲ್ಲದ ಕಾಯಿಲೆಗೆ ಲೋಹದ್ದು ಹಾಕುವ ಬಗ್ಗೆ ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡುವ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿತ್ತು, ಮಾಂಸ ಅದರೊಳಕ್ಕೆ ಬೆಳೆದು ತೆಗೆಯೋಕೆ ಕಷ್ಟವಾಗುತ್ತದೆ ಅಂತ. ಹೀಗೆ ಸ್ಟೆಂಟ್ ಪೂರ್ತಿ ಒಳಗಿರುವವರಿಗೆ ಮನೆಯಲ್ಲಿ ಸಕ್ಷನ್ ಮಷೀನ್ ಕೊಂಡು ಏನೂ ಪ್ರಯೋಜನವಿಲ್ಲ, ಕ್ಯಾತಿಟರ್ ಅಲ್ಲಿಗೆ ಇಳಿಸುವ ದಾರಿ ಇಲ್ಲ. ಆ ದುಡ್ಡಿಗೆ ಒಳ್ಳೆ ನೆಬುಲೈಸರ್ ತೆಗೆದುಕೊಂಡು, ಡಾಕ್ಟರ್ ಹೇಳಿದ ಹಾಗೆ ದಿನಾ ಸಲೈನ್ ಆವಿ ಕೊಡಿ. ಸ್ಟೆಂಟ್ ಇರುವ ಜಾಗದಲ್ಲಿ ಕಫ ತಾನಾಗಿ ಮೇಲೆ ಬರುವುದಿಲ್ಲ, ತೆಳ್ಳಗಿದ್ದರೆ ಮಾತ್ರ ಕೆಮ್ಮಿ ತೆಗೆಯಬಹುದು.

ಅವರಿಗೆ ಹಾಳೆ ನಮಗಿಂತ ಹೆಚ್ಚು ಮುಖ್ಯ. ಯಾವ ಬಗೆ, ಎಷ್ಟು ಉದ್ದ, ಎಷ್ಟು ಅಗಲ, ಧ್ವನಿತಂತುವಿನಿಂದ ಎಷ್ಟು ಕೆಳಗೆ, ಅದರೊಳಗೆ ಎಷ್ಟನೇ ನಂಬರಿನ ಟ್ಯೂಬ್ ಹೋಗುತ್ತದೆ, ಇಷ್ಟೂ ಜೇಬಿನಲ್ಲಿರಬೇಕು. ತುರ್ತಿನಲ್ಲಿ ಟ್ಯೂಬ್ ಹಾಕಲೇಬೇಕಾದರೆ ಸ್ಕೋಪಿನಲ್ಲಿ ನೋಡಿಕೊಂಡು ಸಣ್ಣದನ್ನು ಹಾಕಬೇಕು, ಇಲ್ಲದಿದ್ದರೆ ಟ್ಯೂಬ್ ಸ್ಟೆಂಟನ್ನೇ ಕೆಳಕ್ಕೆ ದೂಡಬಹುದು. ಕತ್ತಿನಲ್ಲಿ ತುರ್ತು ತೂತು ಮಾಡಿದರೂ ಸ್ಟೆಂಟೇ ಅಡ್ಡ ಬರಬಹುದು, ಅಥವಾ ಕಟ್ಟಿರುವ ಜಾಗ ತೂತಿಗಿಂತ ಕೆಳಗೆ ಉಳಿದುಬಿಡಬಹುದು. ಸಾಧ್ಯವಾದಷ್ಟು ಹೊತ್ತು ರೋಗಿ ತಾನಾಗಿ ಉಸಿರಾಡುತ್ತಿರಲಿ ಅಂತ ನೋಡುತ್ತಾರೆ, ಪೂರ್ತಿ ಮಲಗಿಸುವ ಔಷಧಿಗೆ ಅವಸರ ಮಾಡುವುದಿಲ್ಲ. ಆ ಯಜಮಾನರು ತಮ್ಮ ಕಾರ್ಡನ್ನು ಬೀರುವಿನಲ್ಲಿ ಇಟ್ಟಿದ್ದೇನೆ ಅಂದರು, ಆಸ್ತಿಪತ್ರದ ಜೊತೆ.

ಉಳಿದ ಸಾಮಾನಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕ್ಯಾತಿಟರ್ 10 ಅಥವಾ 12 ನಂಬರ್, ಕೊಳವೆಯ ಒಳ ಅಗಲದ ಅರ್ಧಕ್ಕಿಂತ ದಪ್ಪ ಇರಬಾರದು. ಅದರ ನಂಬರನ್ನು ಮೂರರಿಂದ ಭಾಗಿಸಿದರೆ ಮಿಲಿಮೀಟರ್ ಸಿಗುತ್ತದೆ, 12 ಅಂದರೆ 4. ಬಿಡಿಯಾಗಿ ಕೊಂಡರೆ ದುಬಾರಿ, ಡಬ್ಬ ಕೊಳ್ಳಿ. ಆಕ್ಸಿಮೀಟರ್ ಯಾವುದಾದರೂ ಸರಿ, ಆದರೆ ಅದರ ಮೇಲೆ ಭಾರ ಹಾಕಬೇಡಿ. ಬ್ಯಾಟರಿ ಸಕ್ಷನ್ ಮಷೀನ್ ಒಬ್ಬರ ಮನೆಯಲ್ಲಿ ನೋಡಿದೆ, ಕೆಲಸ ಚೆನ್ನಾಗಿದೆ. ದಿನಾ ಚಾರ್ಜ್ ಮಾಡುವ ಶಿಸ್ತು ಇದ್ದವರಿಗೆ, ಆ ದುಡ್ಡು ಕೊಡಬಲ್ಲವರಿಗೆ ಸರಿ.

ಕರೆಂಟಿನ ಮಷೀನಿಗೆ ಐದಕ್ಕೆ ಮೂರು. ದಿನನಿತ್ಯದ ಬೆಳಗಿನ ಕೆಲಸಕ್ಕೆ ಅದೇ ಸುಲಭ, ಅಮ್ಮ ಒಬ್ಬರೇ ಮಾಡುತ್ತಾರೆ. ಮೀಟರ್ ಗುರುತು, ಪೈಪ್ ಎರಡಕ್ಕೂ ಒಂದೊಂದು ಅಂಕ ಕಳೆದಿದ್ದೇನೆ. ಕಾಲು ಪಂಪಿಗೆ ನಾಲ್ಕು. ಜಾಡಿಯ ಓ-ರಿಂಗ್ ಹೋದರೆ ಸರ್ಜಿಕಲ್ ಅಂಗಡಿಯಲ್ಲಿ ಇಡೀ ಮುಚ್ಚಳವೇ ತಗೊಳ್ಳಿ ಅಂತಾರೆ, ಅದೂ ಆರ್ಡರ್ ಹಾಕಬೇಕು, ವಾರ ಆಗುತ್ತದೆ. ಹಳೇ ರಿಂಗ್ ಹಿಡಿದುಕೊಂಡು ಯಾವುದಾದರೂ ಹೈಡ್ರಾಲಿಕ್ ಸೀಲ್ ಮಾರುವ ಅಂಗಡಿಗೆ ಹೋಗಿ, ಅಳತೆ ನೋಡಿ ಇಪ್ಪತ್ತು ಮೂವತ್ತು ರೂಪಾಯಿಗೆ ಕೊಡುತ್ತಾರೆ. ಎರಡು ತಂದಿಡಿ.